ಬಿದ್ದ ಜೀವದಲ್ಲಿ ಉಸಿರಿದೆಯಾ? ನೋಡುವುದು ಹೀಗೆ

ಕುಷ್ಟಗಿ ಕಡೆಯ ನಮ್ಮೂರಲ್ಲಿ ಒಂದು ಮೇ ತಿಂಗಳ ಮಧ್ಯಾಹ್ನ ದೊಡ್ಡಪ್ಪನ ಆಡು ಬೇವಿನ ಮರದ ಬುಡದಲ್ಲಿ ಬಿದ್ದುಬಿಟ್ಟಿತು. ಕಣ್ಣು ತೆರೆದೇ ಇತ್ತು. ನಾಲಿಗೆ ಒಂದು ಕಡೆ ಜೋತಿತ್ತು. ಹತ್ತು ಜನ ಸೇರಿದರು. ಯಾರೋ ಹೊರಗಿನ ಗೋಡೆಗೆ ನೇತುಹಾಕಿದ್ದ ಕನ್ನಡಿ ತಂದು ಆಡಿನ ಮೂಗಿಗೆ ಹಿಡಿದರು. ಕನ್ನಡಿ ಮಬ್ಬಾಗಲಿಲ್ಲ. "ಸತ್ತೈತಿ ಬಿಡ್ರಿ, ಮುಗೀತು" ಅಂದರು.

ಅವ್ವ ಕಟ್ಟೆ ಮೇಲೆ ದೀಪದ ಬತ್ತಿ ಹೊಸೆಯುತ್ತಾ ಕೂತಿದ್ದಳು. ಎದ್ದು ಬಂದು, ಕೈಯಲ್ಲಿದ್ದ ಅರಳೆಯಿಂದ ಒಂದು ಎಳೆ ಕಿತ್ತು ಆಡಿನ ಮೂಗಿನ ಹೊಳ್ಳೆ ಮುಂದೆ ಹಿಡಿದಳು. ಗಾಳಿ ತಾಗದಂತೆ ಇನ್ನೊಂದು ಕೈ ಅಡ್ಡ ಇಟ್ಟಳು. ಎಳೆ ಒಳಕ್ಕೆ ಬಾಗಿತು. ನಿಂತಿತು. ಮತ್ತೆ ಹೊರಕ್ಕೆ ಬಾಗಿತು. "ಐತಿ, ಉಸಿರೈತಿ. ನೀರು ತರ್ರಿ" ಅಂದಳು. ಮೈಮೇಲೆ ಕೊಡಗಟ್ಟಲೆ ನೀರು ಹೊಯ್ದೆವು, ಗೋಣಿಚೀಲ ಹಿಡಿದು ಗಾಳಿ ಹಾಕಿದೆವು. ಹೊತ್ತು ಇಳಿಯುವಷ್ಟರಲ್ಲಿ ಆಡು ಎದ್ದು ನಿಂತಿತ್ತು.

ಕನ್ನಡಿ ಯಾಕೆ ಮೋಸ ಮಾಡಿತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಕನ್ನಡಿ ಉಸಿರಿಗಿಂತ ತಣ್ಣಗಿದ್ದರೆ ಮಾತ್ರ ಅದರ ಮೇಲೆ ಮಬ್ಬು ಕಟ್ಟುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನೇತಾಡುವ ಕನ್ನಡಿ ಇನ್ನೂ ಕಾದಿರುತ್ತದೆ. ಅದರ ಮೇಲೆ ಬದುಕಿರುವ ಪ್ರಾಣಿಯ ಉಸಿರೂ ಕಾಣುವುದಿಲ್ಲ. ಮೊಬೈಲ್ ಗಾಜಿನದೂ ಇದೇ ಕಥೆ. ಹಾಗಾಗಿ ನಮ್ಮ ಸೀಮೆಯಲ್ಲಿ ಕನ್ನಡಿಯ ಮಾತು ನಂಬಬೇಡಿ. ಅರಳೆಯ ಎಳೆ ನಂಬಿ.

ಪ್ರಾಣಿ ಬಿದ್ದಾಗ ನಮ್ಮ ಕೈ ಸುಮ್ನೆ ಇರುವುದಿಲ್ಲ, ಅಲ್ವಾ? ಒಬ್ಬರು ಬಾಯಿಗೆ ನೀರು ಹೊಯ್ಯುತ್ತಾರೆ, ಒಬ್ಬರು ಬಾಲ ತಿರುಚುತ್ತಾರೆ, ಇನ್ನೊಬ್ಬರು ಮದ್ದು ಕುಡಿಸುವ ಗೊಟ್ಟ ತರಲು ಓಡುತ್ತಾರೆ. ಇದೆಲ್ಲಕ್ಕೂ ಮೊದಲು ಉಸಿರು ನೋಡಬೇಕು. ಮುಂದೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ಅದರ ಮೇಲೇ ನಿಂತಿದೆ.

ಹತ್ತಿರ ಹೋಗುವ ಮೊದಲು

ಸುತ್ತಲೂ ಒಮ್ಮೆ ನೋಡಿ. ಹೊಲದಲ್ಲಿ, ಪಂಪ್‌ಸೆಟ್ ಹತ್ತಿರ, ಕಂಬದ ಪಕ್ಕ ದನ ಬಿದ್ದಿದ್ದರೆ ಕರೆಂಟ್ ಇರಬಹುದು ಅಂತಲೇ ತಿಳಿಯಿರಿ. ತಂತಿ ಹರಿದು ಬಿದ್ದಿದ್ದರೆ ದೂರವೇ ನಿಂತು ಜೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಲೈನ್ ಬಂದ್ ಆಗಿದೆ ಅಂತ ಖಾತ್ರಿ ಆಗುವ ತನಕ ಮುಟ್ಟಬೇಡಿ. ಎತ್ತು ಉಳಿಸಲು ಹೋಗಿ ಮನೆಯ ಮನುಷ್ಯನನ್ನೇ ಕಳೆದುಕೊಳ್ಳುವುದು ಬೇಡ.

ಚೆನ್ನಾಗಿದ್ದ ದನ ಅಥವಾ ಕುರಿ ದಿಢೀರ್ ಅಂತ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಮನುಷ್ಯರಿಗೂ ಅಂಟುವ ರೋಗ ಅದು. ಅಲ್ಲಿ ಉಸಿರು ನೋಡಲು ಬಗ್ಗಬೇಡಿ. ಚರ್ಮ ಸುಲಿಯಬೇಡಿ, ಕೊಯ್ಯಬೇಡಿ. ದನದ ದವಾಖಾನೆಗೆ ತಿಳಿಸಿ, ನಾಯಿ ಬರದಂತೆ ಕಾಯಿರಿ.

ನಾಯಿ ಎಷ್ಟೇ ಸಾಧು ಇರಲಿ, ನೋವಿನಲ್ಲಿದ್ದಾಗ ಕಚ್ಚುತ್ತದೆ. ಬೆನ್ನಿನ ಕಡೆಯಿಂದ, ಅದರ ಹೆಸರು ಕರೆಯುತ್ತಾ ಹೋಗಿ. ಆದರೆ ಉಸಿರಾಟದ ತೊಂದರೆ ಇರುವ ನಾಯಿಯ ಮೂತಿ ಕಟ್ಟಬೇಡಿ. ಅದು ಬಾಯಿಯಿಂದಲೇ ಉಸಿರು ಎಳೆಯುತ್ತಿರುತ್ತದೆ. ದನದ ಹತ್ತಿರ ಹೋಗುವಾಗ ಕಾಲುಗಳ ಕಡೆಯಿಂದ ಬೇಡ, ಬೆನ್ನಿನ ಕಡೆಯಿಂದ ಹೋಗಿ. ಬಿದ್ದ ಎತ್ತು ಏಳಲು ಒದ್ದಾಡುವಾಗ ಕೊಂಬು ಎಲ್ಲಿಗೆ ಬರುತ್ತದೋ ಹೇಳಲಾಗದು.

ಮೊದಲು ದೂರದಿಂದ ನೋಡಿ

ಮುಟ್ಟುವ ಮೊದಲೇ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಪಕ್ಕೆ ನೋಡಿ. ಕೊನೆಯ ಪಕ್ಕೆಲುಬಿನ ಹಿಂದೆ ಹೊಟ್ಟೆ ಸೇರುವ ಜಾಗದಲ್ಲಿ ಉಸಿರು ಚೆನ್ನಾಗಿ ಕಾಣುತ್ತದೆ. ಒಮ್ಮೆ ಏರಿ, ಒಮ್ಮೆ ಇಳಿದರೆ ಒಂದು ಉಸಿರು. ಏರಿದ್ದು ಒಂದು, ಇಳಿದದ್ದು ಒಂದು ಅಂತ ಎರಡು ಎಣಿಸುವವರಿದ್ದಾರೆ. ಆಗ ಲೆಕ್ಕ ಇಮ್ಮಡಿ ಆಗಿಬಿಡುತ್ತದೆ.

ದನ, ಎಮ್ಮೆ, ಕುರಿ, ಆಡುಗಳಲ್ಲಿ ಒಂದು ಎಚ್ಚರ ಬೇಕು. ಎಡಪಕ್ಕೆಯ ತಗ್ಗಿನಲ್ಲಿ ದೊಡ್ಡ ಹೊಟ್ಟೆ ತಾನೇ ಹೊರಳುತ್ತಿರುತ್ತದೆ. ನಿಮಿಷಕ್ಕೆ ಒಂದೆರಡು ಸಲ ಅಲ್ಲಿ ಚರ್ಮ ನಿಧಾನವಾಗಿ ಉಬ್ಬಿ ಇಳಿಯುತ್ತದೆ. ಅದು ಉಸಿರಲ್ಲ, ಮೇವು ಕಲಸುವ ಕೆಲಸ. ಗೊಂದಲ ಆದರೆ ಬಲಪಕ್ಕೆ ನೋಡಿ. ಅದು ಕಾಣದಿದ್ದರೆ ಎದೆಯ ಮೇಲೆ ಅಂಗೈ ಇಡಿ.

15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಪ್ರಾಣಿ ತಣ್ಣಗೆ ಮಲಗಿದೆ, ಉಸಿರು ನಿಧಾನವಿದೆ ಅಂದರೆ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಆರಾಮಾಗಿ ನೆರಳಲ್ಲಿರುವ ಪ್ರಾಣಿಯ ಉಸಿರು ನಿಮಿಷಕ್ಕೆ ಸುಮಾರು ಇಷ್ಟಿರುತ್ತದೆ:

ದೊಡ್ಡ ದನ, ಎಮ್ಮೆ: 15ರಿಂದ 30
ಎಳೆಗರು: 25ರಿಂದ 40
ಕುರಿ, ಆಡು: 15ರಿಂದ 30
ನಾಯಿ: 15ರಿಂದ 30
ಬೆಕ್ಕು: 20ರಿಂದ 30
ಕುದುರೆ: 8ರಿಂದ 16

ಈ ಅಂಕಿಗಳು ದಾರಿ ತೋರಿಸಲು ಮಾತ್ರ. ಬಿಸಿಲು ಏರಿದಂತೆ ಉಸಿರೂ ಏರುತ್ತದೆ. ಮಧ್ಯಾಹ್ನ ಎರಡಕ್ಕೆ ಸಿಂಧನೂರಿನ ತಗಡಿನ ಕೊಟ್ಟಿಗೆಯಲ್ಲಿ ನಿಂತ ಎಮ್ಮೆಯೂ ಬೆಳಗಿನ ಜಾವ ಮಲಗಿದ ಅದೇ ಎಮ್ಮೆಯೂ ಒಂದೇ ಲೆಕ್ಕಕ್ಕೆ ಸಿಗುವುದಿಲ್ಲ. ನಿಮ್ಮ ಪ್ರಾಣಿ ಆರೋಗ್ಯವಾಗಿರುವಾಗ ಎಷ್ಟು ಸಲ ಉಸಿರಾಡುತ್ತದೆ ಅಂತ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಣಿಸಿ ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ನಮ್ಮ ಮನೆಯಲ್ಲಿ ಹಾಗೇ ಬರೆದಿದ್ದೇವೆ. ರಾತ್ರಿ ಗಾಬರಿಯಲ್ಲಿ ಎದ್ದಾಗ ಆ ಎರಡು ಅಂಕಿ ಬಹಳ ಕೆಲಸಕ್ಕೆ ಬರುತ್ತವೆ.

ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದರೆ ಎಣಿಸಲು ಆಗುವುದಿಲ್ಲ, ಎಣಿಸುವ ಅಗತ್ಯವೂ ಇಲ್ಲ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದೇ ಹಾಗೆ. ನೆರಳಲ್ಲಿ ಹತ್ತು ನಿಮಿಷ ಕೂರಿಸಿದರೂ ಕಡಿಮೆ ಆಗದಿದ್ದರೆ, ನಾಲಿಗೆ ಕಡುಗೆಂಪಾದರೆ, ಹೆಜ್ಜೆ ತಪ್ಪಿದರೆ ಮಾತ್ರ ಚಿಂತೆ ಮಾಡಿ. ಬೆಕ್ಕು ಅಥವಾ ದನ ಬಾಯಿ ತೆರೆದು ಉಸಿರಾಡುವುದು ಬೇರೆ ಮಾತು. ದನ ಕತ್ತು ಮುಂದೆ ಚಾಚಿ, ಮುಂಗಾಲಿನ ಮೊಣಕೈ ಅಗಲಿಸಿ, ಬಾಯಿ ತೆರೆದು ನಿಂತಿದೆ ಅಂದರೆ ಎಣಿಸುತ್ತಾ ಕೂರಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಪಕ್ಕೆ ಅಲುಗದಿದ್ದರೆ

ಹೆಸರು ಕರೆಯಿರಿ, ಚಪ್ಪಾಳೆ ತಟ್ಟಿ, ಮೈ ಅಲುಗಾಡಿಸಿ. ಏನೂ ಇಲ್ಲ ಅಂದರೆ ಕೂಡಲೇ ಮೂಗಿನ ಹತ್ತಿರ ಹೋಗಿ. ಅರಳೆಯ ಎಳೆ ಇಲ್ಲದಿದ್ದರೆ ಪ್ರಾಣಿಯ ಮೈಯ ಒಂದು ಕೂದಲು, ಸೀರೆ ಸೆರಗಿನ ಒಂದು ದಾರ ಸಾಕು. ಫ್ಯಾನ್ ಇದ್ದರೆ ಬಂದ್ ಮಾಡಿ. ಇಲ್ಲವೇ ಮುಂಗೈ ಹಿಂಭಾಗ ನೀರಲ್ಲಿ ಅದ್ದಿ ಹೊಳ್ಳೆಗೆ ಹತ್ತಿರ ಹಿಡಿಯಿರಿ. ಒದ್ದೆ ಚರ್ಮಕ್ಕೆ ಸಣ್ಣ ಗಾಳಿಯೂ ಗೊತ್ತಾಗುತ್ತದೆ. ಎರಡೂ ಹೊಳ್ಳೆ ನೋಡಿ. ಒಂದು ಕಟ್ಟಿರಬಹುದು. ಇದಕ್ಕೆಲ್ಲ 10 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳಬೇಡಿ.

ಒಂದು ಸಂಗತಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಸಾಯುವ ಹೊತ್ತಿನಲ್ಲಿ ಪ್ರಾಣಿ ಆಗೊಮ್ಮೆ ಈಗೊಮ್ಮೆ ಬಾಯಿ ಅಗಲಿಸಿ ಗೊಳಕ್ ಅಂತ ಎಳೆಯುತ್ತದೆ. ಕತ್ತು ಹಿಂದಕ್ಕೆ ಸೆಳೆಯುತ್ತದೆ. "ಉಸಿರಾಡಾಕತ್ತೈತಿ" ಅಂತ ಜನ ಸಮಾಧಾನಪಟ್ಟು ಕೂರುತ್ತಾರೆ. ಅದು ಉಸಿರಾಟ ಅಲ್ಲ. ಅದರಿಂದ ಗಾಳಿ ಸರಿಯಾಗಿ ಒಳಗೆ ಹೋಗುವುದಿಲ್ಲ. ಒಂದೇ ಸಮನೆ, ಒಂದರ ಹಿಂದೆ ಒಂದು ಬರುತ್ತಿದ್ದರೆ ಮಾತ್ರ ಉಸಿರು ಅನ್ನಿ.

ಆಮೇಲೆ ದಾರಿ ಬಿಡಿಸಿ. ಕೊರಳ ಹಗ್ಗ, ಕಣ್ಣಿ, ಪಟ್ಟಿ, ಗಂಟೆ ಸರ ಎಲ್ಲ ಸಡಿಲ ಮಾಡಿ. ಬಿಚ್ಚಲು ಬರದಿದ್ದರೆ ಕುಡುಗೋಲಿನಿಂದ ಕೊಯ್ದುಬಿಡಿ. ಕಟ್ಟಿದ ದನ ಕಾಲು ಜಾರಿ ಹಗ್ಗಕ್ಕೇ ಉರುಲು ಬೀಳುವುದು ನಮ್ಮ ಕೊಟ್ಟಿಗೆಗಳಲ್ಲಿ ಅಪರೂಪವೇನಲ್ಲ. ತಲೆಯನ್ನು ಮೆಲ್ಲಗೆ ಮುಂದಕ್ಕೆ ಚಾಚಿ, ಕತ್ತು ನೆಟ್ಟಗೆ ಇರಲಿ. ಎಚ್ಚರ ತಪ್ಪಿದ ಪ್ರಾಣಿಯ ನಾಲಿಗೆಯನ್ನು ಒಣಬಟ್ಟೆಯಲ್ಲಿ ಹಿಡಿದು ಹೊರಗೆ ಎಳೆಯಿರಿ. ಬರಿಗೈಗೆ ಜಾರುತ್ತದೆ. ನೊರೆ, ಮಣ್ಣು, ವಾಂತಿ ಇದ್ದರೆ ಒರೆಸಿ. ಗಂಟಲಲ್ಲಿ ಏನಾದರೂ ಕಂಡರೆ ಬೆರಳನ್ನು ಕೆನ್ನೆಯ ಪಕ್ಕದಿಂದ ತಂದು ಹೊರಗೆ ತೆಗೆಯಿರಿ. ಕಾಣದ್ದನ್ನು ತಡಕಾಡಿ ಒಳಗೆ ನೂಕಬೇಡಿ. ಎಚ್ಚರವಿರುವ ಪ್ರಾಣಿಯ ಬಾಯಿಗೆ ಕೈ ಹಾಕಲೇಬೇಡಿ.

ದನದ ಗಂಟಲಲ್ಲಿ ಗಜ್ಜರಿ, ಮಾವಿನ ಓಟೆ, ಬೆಂಡಿನ ತುಂಡು ಸಿಕ್ಕರೆ ಕೋಲಿನಿಂದ ನೂಕುವವರಿದ್ದಾರೆ. ಅನ್ನನಾಳವೇ ಹರಿದುಹೋಗಬಹುದು. ಅದು ಡಾಕ್ಟರ ಕೆಲಸ.

ಬಣ್ಣ ನೋಡಿ, ಆದರೆ ಬಣ್ಣವೂ ಮೋಸ ಮಾಡುತ್ತದೆ

ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇದ್ದರೆ ಒಳ್ಳೆಯದು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ನೀಲಿ ಅಥವಾ ಬೂದಿ ಬಣ್ಣ ಇದ್ದರೆ ಮೈಗೆ ಗಾಳಿ ಸಾಲುತ್ತಿಲ್ಲ. ಬಿಳಚಿಕೊಂಡಿದ್ದರೆ ರಕ್ತ ಹೋಗಿರಬಹುದು ಅಥವಾ ರಕ್ತದ ಓಟ ಕುಗ್ಗಿರಬಹುದು. ಎಮ್ಮೆಗೂ ಕೆಲವು ನಾಯಿಗಳಿಗೂ ವಸಡೇ ಕಪ್ಪು. ಅವುಗಳಲ್ಲಿ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ.

ನಮ್ಮ ಜೋಳದ ಸೀಮೆಯಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಎಳೆ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ ಮೇಯ್ದ ದನದ ಹೊಟ್ಟೆಯಲ್ಲಿ ಸೈನೈಡ್ ವಿಷ ಬಿಡುಗಡೆ ಆಗುತ್ತದೆ. ರಕ್ತದಲ್ಲಿ ಗಾಳಿ ಇದ್ದರೂ ಮೈ ಅದನ್ನು ಬಳಸಿಕೊಳ್ಳಲಾರದು. ಹಾಗಾಗಿ ವಸಡು ನೀಲಿ ಆಗುವ ಬದಲು ಮೊದಲಿಗೆ ಕೆಂಪಗೆ ಹೊಳೆಯುತ್ತದೆ. "ಬಣ್ಣ ಚಲೋ ಐತಿ" ಅಂದುಕೊಂಡು ಕೂತರೆ ದನ ಹೋಯಿತು. ಮೇಯ್ದ ಸ್ವಲ್ಪ ಹೊತ್ತಿಗೇ ಏದುಸಿರು, ನಡುಕ, ತೂರಾಟ ಶುರುವಾದರೆ ಬಣ್ಣ ಮರೆತುಬಿಡಿ. ಡಾಕ್ಟರಿಗೆ ಫೋನ್ ಮಾಡಿದಾಗ ಮೊದಲ ಮಾತಿಗೇ "ಜೋಳ ಮೇಯ್ದೈತಿ" ಅಂತ ಹೇಳಿ. ಅದಕ್ಕೆ ರಕ್ತನಾಳದಲ್ಲಿ ಕೊಡುವ ಮದ್ದು ಇದೆ. ಬೇಗ ಕೊಟ್ಟರೆ ಮಾತ್ರ ಉಪಯೋಗ.

ಉಸಿರಿದೆ, ಆದರೆ ಕಷ್ಟಪಡುತ್ತಿದೆ

ಬಾಯಿಗೆ ಏನೂ ಹೊಯ್ಯಬೇಡಿ. ನೀರು, ಎಣ್ಣೆ, ಮಜ್ಜಿಗೆ, ಕಷಾಯ ಯಾವುದೂ ಬೇಡ. ಬಿದ್ದ ದನಕ್ಕೆ, ತೇಕುವ ದನಕ್ಕೆ ಗೊಟ್ಟದಲ್ಲಿ ಹೊಯ್ದದ್ದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಿದ್ದ ಕಾರಣಕ್ಕೆ ಸಾಯದ ದನ ನಾಲ್ಕು ದಿನದ ಮೇಲೆ ನ್ಯುಮೋನಿಯಾದಿಂದ ಸಾಯುತ್ತದೆ. ನಮ್ಮ ಹಿರಿಯರ ಮದ್ದಿನ ಬಗ್ಗೆ ನನಗೆ ಗೌರವ ಇದೆ. ಆದರೆ ಈ ಒಂದು ಹೊತ್ತಿನಲ್ಲಿ ಗೊಟ್ಟವನ್ನು ಗೂಟದ ಮೇಲೇ ಬಿಡಿ ಅಂತ ಕೈಮುಗಿದು ಕೇಳುತ್ತೇನೆ.

ದನ ಪೂರ್ತಿ ಮಗ್ಗುಲಾಗಿ ಬಿದ್ದಿದ್ದರೆ ಮೂರ್ನಾಲ್ಕು ಜನ ಸೇರಿ ಅದು ಎದೆಯ ಮೇಲೆ, ಅಂದರೆ ಎದೆ ನೆಲಕ್ಕೆ ಊರಿ, ಕೂರುವಂತೆ ಎತ್ತಿ ಆನಿಸಿ. ಎರಡೂ ಪಕ್ಕ ಹುಲ್ಲಿನ ಸಿವುಡು ಅಥವಾ ಮರಳಿನ ಚೀಲ ಒತ್ತಿಡಿ. ಮಗ್ಗುಲಾಗಿ ಬಿದ್ದ ದನಕ್ಕೆ ತೇಗು ಬರುವುದಿಲ್ಲ, ಹೊಟ್ಟೆಯಲ್ಲಿ ಗಾಳಿ ತುಂಬಿ ಶ್ವಾಸಕೋಶವನ್ನು ಅದುಮುತ್ತದೆ. ಎಡಪಕ್ಕೆ ಡೊಳ್ಳಿನಂತೆ ಬಿಗಿದು, ಬೆರಳು ಬಡಿದರೆ ಢಬ್ ಢಬ್ ಅಂದರೆ ಅದು ಹೊಟ್ಟೆಯುಬ್ಬರ. ನಿಲ್ಲುವ ಶಕ್ತಿ ಇದ್ದರೆ ಮುಂಗಾಲು ಎತ್ತರದಲ್ಲಿರುವಂತೆ ದಿಬ್ಬದ ಕಡೆ ಮುಖ ಮಾಡಿ ನಿಲ್ಲಿಸಿ. ಬಾಯಿಗೆ ಅಡ್ಡಲಾಗಿ ಒಂದು ಬೇವಿನ ಕೋಲು ಕಟ್ಟಿ. ಅದನ್ನು ಅಗಿಯುತ್ತಾ ಜೊಲ್ಲು ಸುರಿಸಿದರೆ ತೇಗು ಬರಲು ದಾರಿ ಆಗುತ್ತದೆ. ಚಾಕು, ದಬ್ಬಣದಿಂದ ಚುಚ್ಚಲು ಹೋಗಬೇಡಿ. ಅದಕ್ಕೆ ಡಾಕ್ಟರ ಹತ್ತಿರ ಬೇರೆ ಉಪಕರಣ ಇದೆ.

ಬಿಸಿಲಿನ ಹೊಡೆತ ಆಗಿದ್ದರೆ ನೆರಳಿಗೆ ತಂದು ಮೈಮೇಲೆ ನೀರು ಹೊಯ್ಯುತ್ತಲೇ ಇರಿ, ಗಾಳಿ ಹಾಕುತ್ತಲೇ ಇರಿ. ಒದ್ದೆ ಗೋಣಿಚೀಲ ಹೊದಿಸಿ ಬಿಟ್ಟುಬಿಡಬೇಡಿ. ಸ್ವಲ್ಪ ಹೊತ್ತಿಗೆ ಚೀಲವೇ ಬಿಸಿಯಾಗಿ ಸೆಕೆ ಹಿಡಿದಿಡುತ್ತದೆ. ನೀರು ತಾನಾಗಿ ಕುಡಿದರೆ ಕುಡಿಯಲಿ.

ಹತ್ತಿಗೆ, ಭತ್ತಕ್ಕೆ, ಮೆಣಸಿನಕಾಯಿಗೆ ಹೊಡೆಯುವ ಕೀಟನಾಶಕ ತಾಗಿದ ಪ್ರಾಣಿಗೆ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಮೈ ಅದುರುತ್ತದೆ, ಎದೆಯಲ್ಲಿ ಗೊರ ಗೊರ ಸದ್ದು ಬರುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮೈ ತೊಳೆಯಿರಿ. ಔಷಧದ ಬಾಟಲಿ ಎಸೆಯದೆ ಡಾಕ್ಟರಿಗೆ ತೋರಿಸಿ.

ಉಸಿರೇ ಇಲ್ಲದಿದ್ದರೆ

ನಾಯಿ, ಬೆಕ್ಕಿಗೆ ಎದೆ ಒತ್ತುವುದನ್ನು ತಕ್ಷಣ ಶುರು ಮಾಡಿ. ಇನ್ನೊಬ್ಬರು ಫೋನ್ ಮಾಡಲಿ. ಗಟ್ಟಿ ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ. ಮುಧೋಳ ನಾಯಿಯಂಥ ಆಳವಾದ, ಕಿರಿದಾದ ಎದೆಗೆ ಹೃದಯದ ಮೇಲೇ ಒತ್ತಬೇಕು. ಮುಂಗಾಲು ಮಡಚಿದಾಗ ಮೊಣಕೈ ಎದೆಗೆ ತಾಗುವ ಜಾಗ ಅದು. ದುಂಡು ಎದೆಯ ದೊಡ್ಡ ನಾಯಿಗೆ ಎದೆಯ ಅತಿ ಅಗಲದ ಭಾಗದಲ್ಲಿ ಒತ್ತಿ. ಬೆಕ್ಕು, ಮರಿಗೆ ಒಂದೇ ಕೈಯಿಂದ ಎದೆಯನ್ನು ಸುತ್ತಿ ಹಿಡಿದು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಒತ್ತಿ.

ಎದೆಯ ಅಗಲದ ಮೂರರಲ್ಲಿ ಒಂದರಿಂದ ಅರ್ಧ ಪಾಲಿನಷ್ಟು ಒಳಗೆ ಹೋಗಬೇಕು. ನಿಮಿಷಕ್ಕೆ 100ರಿಂದ 120 ಸಲ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲಿ. 30 ಸಲ ಒತ್ತಿ, ಅದರ ಬಾಯಿ ಮುಚ್ಚಿ ಹಿಡಿದು ಮೂಗಿನೊಳಕ್ಕೆ ಎರಡು ಸಲ ಊದಿ. ಎದೆ ಏಳುವಷ್ಟು ಊದಿದರೆ ಸಾಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ, ಆ ಬಿಡುವಿನಲ್ಲೇ ಉಸಿರು ನೋಡಿ. ಬೀದಿ ನಾಯಿ ಆಗಿದ್ದರೆ, ಹುಚ್ಚಿನ ಅನುಮಾನ ಇದ್ದರೆ, ವಿಷ ತಾಗಿದ್ದರೆ ಬಾಯಿ ಹಚ್ಚಬೇಡಿ, ಎದೆ ಮಾತ್ರ ಒತ್ತಿ. ಬೀದಿ ನಾಯಿಯ ಜೊಲ್ಲು ಗಾಯಕ್ಕೆ ತಾಗಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ದವಾಖಾನೆಗೆ ಹೋಗಿ.

ದೊಡ್ಡ ದನಕ್ಕೆ, ಎಮ್ಮೆಗೆ ಇದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ಅಲ್ಲಿ ಉಸಿರು ನಿಲ್ಲುವ ಮೊದಲಿನ ನಿಮಿಷಗಳೇ ನಮ್ಮ ಪಾಲಿನವು.

ಈಗಷ್ಟೇ ಹುಟ್ಟಿದ ಕರು, ಕುರಿಮರಿಯ ವಿಷಯದಲ್ಲಿ ಆಸೆ ಬಿಡಬೇಡಿ. ಮೂಗು ಬಾಯಿಯ ಲೋಳೆ ಬೆರಳಿನಿಂದ ತೆಗೆಯಿರಿ. ಎದೆಯ ಮೇಲೆ ಕೂರಿಸಿ, ಹಿಂಗಾಲು ಎರಡನ್ನೂ ಮುಂದಕ್ಕೆ ತಂದಿಡಿ. ಹುಲ್ಲಿನ ಕಡ್ಡಿಯನ್ನು ಹೊಳ್ಳೆಯೊಳಗೆ ಆಡಿಸಿ. ಸೀನು ಬಂತೆಂದರೆ ಅದರ ಬೆನ್ನಿಗೇ ಉಸಿರು ಬರುತ್ತದೆ. ತಲೆಯ ಮೇಲೆ ತಣ್ಣೀರು ಸುರಿದು, ಒಣ ಗೋಣಿಯಿಂದ ಬೆನ್ನು, ಪಕ್ಕೆ ಜೋರಾಗಿ ಉಜ್ಜಿ. ಹಿಂಗಾಲು ಹಿಡಿದು ತಲೆಕೆಳಗಾಗಿ ಬಹಳ ಹೊತ್ತು ನೇತಾಡಿಸಬೇಡಿ. ಹೊಟ್ಟೆಯ ಭಾರವೆಲ್ಲ ಎದೆಯ ಮೇಲೆ ಬಿದ್ದು ಇನ್ನಷ್ಟು ಕಷ್ಟವಾಗುತ್ತದೆ.

ಫೋನಿನಲ್ಲಿ ಏನು ಹೇಳಬೇಕು

ಪಶು ಸಹಾಯವಾಣಿ 1962. ಅದರ ಜೊತೆ ನಿಮ್ಮ ಹತ್ತಿರದ ದನದ ದವಾಖಾನೆಯ ಡಾಕ್ಟರ ನಂಬರನ್ನೂ ಇವತ್ತೇ ಸೇವ್ ಮಾಡಿಕೊಳ್ಳಿ. ಗಾಬರಿಯಲ್ಲಿ "ಸರ್, ಲಗೂನ ಬರ್ರಿ" ಅಂತಷ್ಟೇ ಕೂಗಿದರೆ ಆ ಕಡೆಯವರಿಗೆ ಯಾವ ಮದ್ದು ತರಬೇಕೋ ತಿಳಿಯುವುದಿಲ್ಲ. ಉಸಿರು ಎಣಿಸಿದವರೇ ಫೋನ್ ಹಿಡಿಯಲಿ. ಹೀಗೆ ಹೇಳಿದರೆ ಸಾಕು:

"ಸರ್, ಕಾರಟಗಿ ಹತ್ತಿರದ ಹಳ್ಳಿಯಿಂದ ಮಾತಾಡಾಕತ್ತೀನ್ರಿ. ನಾಲ್ಕು ವರ್ಷದ ಎಮ್ಮಿ. ಬಿದ್ದು ಅರ್ಧ ತಾಸಾತ್ರಿ. ಎದಿ ಮ್ಯಾಲೆ ಕುಂದರಿಸೀವ್ರಿ. ಉಸಿರು ನಿಮಿಷಕ್ಕೆ 56 ಐತ್ರಿ, ಬಾಯಿ ತೆರದೈತ್ರಿ. ಕಣ್ಣಿನ ಒಳಗ ಬಿಳಚಿಕೊಂಡೈತ್ರಿ. ಎಡಕ್ಕ ಹೊಟ್ಟಿ ಉಬ್ಬೈತ್ರಿ. ಬಾಯಾಗ ಏನೂ ಹಾಕಿಲ್ರಿ."

ಫೋನ್ ಇಟ್ಟ ಮೇಲೆ ಐದು ನಿಮಿಷಕ್ಕೊಮ್ಮೆ ಮತ್ತೆ ಎಣಿಸಿ. ಹೊತ್ತು ಮತ್ತು ಅಂಕಿ ಎರಡನ್ನೂ ಬರೆಯುತ್ತಾ ಹೋಗಿ. ಡಾಕ್ಟರ್ ಗಾಡಿಯಿಂದ ಇಳಿದ ಕೂಡಲೇ ಆ ಚೀಟಿ ಅವರ ಕೈಗೆ ಕೊಡಿ.